ಆಯಿಲ್ ಹರಿಯುವ ದಾರಿ

ಖಾಲಿ ಟ್ರೇಲರ್ ಕೆಳಗಿಳಿಯುವುದನ್ನು ನೋಡುತ್ತ ನಿಲ್ಲುವುದೆಂದರೆ ನನಗೆ ಇಷ್ಟ. ಹರಿಹರದ ವರ್ಕ್‌ಶಾಪೊಂದರ ಅಂಗಳದಲ್ಲಿ ಚಳಿಗಾಲದ ಒಂದು ಬೆಳಗ್ಗೆ ಟ್ರ್ಯಾಕ್ಟರ್ ಟ್ರೇಲರ್ ಮೂಗೆತ್ತಿ ನಿಂತಿತ್ತು. ಮೇಸ್ತ್ರಿ ಲಿವರ್ ಬಿಟ್ಟರು. ಅದು ಇಳಿಯಲೊಲ್ಲದು. ಹೊರೆಯಿದ್ದರೆ ಧಡಕ್ಕನೆ ಕೂರುವ ಅದೇ ಟ್ರೇಲರ್, ಖಾಲಿಯಿದ್ದಾಗ ಏನೋ ಯೋಚಿಸುತ್ತಿರುವಂತೆ ಇಳಿಯುತ್ತದೆ. ಟ್ರೇಲರನ್ನು ಹೊತ್ತ ಹೈಡ್ರಾಲಿಕ್ ಜಾಕನ್ನು ಎತ್ತುವುದು ಪಂಪು, ಇಳಿಸುವುದು ಬರೀ ಟ್ರೇಲರಿನ ಭಾರ. ಆಯಿಲನ್ನು ಹೋಸ್ ಪೈಪಿನೊಳಗೆ ಹಿಂದಕ್ಕೆ ತಳ್ಳಬೇಕಾದದ್ದೂ ಆ ಭಾರವೇ. ದಾರಿಯಲ್ಲಿ ಎಲ್ಲೋ ಇಕ್ಕಟ್ಟಿದ್ದರೆ ಗುಟ್ಟು ಆಗ ಬಯಲಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ತತ್ವದ ಮೇಲೆ ಕಾರುಗಳನ್ನು ಕುಣಿಸುತ್ತಾರೆ. ಕಾರಿನ ಬಾಡಿ ರಿಮ್ಮಿನ ಕೆಳಅಂಚಿಗಿಂತ ತಗ್ಗಿರಬಾರದೆಂದು 1958ರಲ್ಲಿ ಅಲ್ಲಿ ಕಾನೂನು ಜಾರಿಯಾದಾಗ, ರಾನ್ ಅಗಿರ್ರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಕೂರಿಸಿ, ಬೇಕೆಂದಾಗ ಎತ್ತಿ ಬೇಡವೆಂದಾಗ ಇಳಿಸುವಂತೆ ಮಾಡಿಕೊಂಡ. ಅಲ್ಲಿಯೂ ಎತ್ತುವುದು ಪಂಪು, ಡಂಪ್ ವಾಲ್ವ್ ತೆರೆದರೆ ಇಳಿಸುವುದು ಕಾರಿನ ಭಾರ. ನಮ್ಮ ಪಿ.ಬಿ. ರಸ್ತೆಯಲ್ಲಿ ಅಂಥ ಕಾರು ಕಾಣಸಿಗದು, ವಾಹನವನ್ನು ಹಾಗೆ ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಆದರೆ ಅದರ ಒಳಗಿನ ಚೆಂದ ಈ ಟ್ರೇಲರಿನಲ್ಲೂ ಇದೆ.

ಟ್ರೇಲರಿಗೆ ಭದ್ರವಾಗಿ ಆಧಾರ ಕೊಟ್ಟು ಮೇಸ್ತ್ರಿ ಜಾಯಿಂಟ್ ಬಿಚ್ಚಿದರು. ಹೋಸು ದಾವಣಗೆರೆಯಲ್ಲಿ ಪ್ರೆಸ್ ಮಾಡಿಸಿ ತಂದದ್ದು, ಹೊಚ್ಚ ಹೊಸತು, ಅರ್ಧ ಇಂಚಿನದು. ಅದರ ತುದಿಯ ನಿಪ್ಪಲ್ಲನ್ನು ಬೆಳಕಿಗೆ ಹಿಡಿದು ನನ್ನ ಕಣ್ಣಿನ ಹತ್ತಿರ ತಂದರು. ಒಳಗಿನ ತೂತು ಕಾಲು ಇಂಚಿಗಿಂತ ಸ್ವಲ್ಪವಷ್ಟೇ ದೊಡ್ಡದು.

“ಪೈಪ್ ದೊಡ್ಡದ್ ಹಾಕಿದ್ರೇನ್ ಬಂತ್ರೀ ಸರ್, ಬಾಯಿ ಸಣ್ಣದಾತಲ್ಲ.”

ತೂತಿನ ಅಗಲ ಅರ್ಧಕ್ಕಿಳಿದರೆ ಅದರ ಬಾಯಿಯ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಅಷ್ಟೇ ಆಯಿಲ್ ನಾಲ್ಕು ಪಟ್ಟು ವೇಗದಲ್ಲಿ ನುಗ್ಗಬೇಕು. ವೇಗ ನಾಲ್ಕು ಪಟ್ಟಾದರೆ ಇಂಥ ಇಕ್ಕಟ್ಟಿನಲ್ಲಿ ಕಳೆದುಹೋಗುವ ಒತ್ತಡ ಸುಮಾರು ಹದಿನಾರು ಪಟ್ಟು. ಉದ್ದನೆಯ ಪೈಪಿನಲ್ಲಿ ಸಮವಾಗಿ ಹರಿಯುವಾಗಲೂ ಲೆಕ್ಕ ಹದಿನಾರಕ್ಕೇ ಬರುತ್ತದೆ. ಅದನ್ನು ಕಂಡುಕೊಟ್ಟವರಲ್ಲೊಬ್ಬ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ, ಕೂದಲೆಳೆಯಂಥ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಹೊರಟವನು. ಪಂಪಿಗಾದರೆ ಹೇಗೋ ದೂಡುವ ಕಸುವಿದೆ. ಖಾಲಿ ಟ್ರೇಲರಿಗೆ ಎಲ್ಲಿಂದ ಬರಬೇಕು? ಭದ್ರಾ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮೇಲೆಲ್ಲೋ ಹೂಳು, ಜೊಂಡು ಕಟ್ಟಿಕೊಂಡರೆ ಗದ್ದೆ ಒಣಗುವುದು ಅವರದೇ.

ಆಮೇಲೆ ಮೇಸ್ತ್ರಿ ವಾಲ್ವ್ ಬ್ಲಾಕಿನೊಳಗೆ ಟಾರ್ಚ್ ಬಿಟ್ಟರು. ಡ್ರಿಲ್ ಕೊರೆದ ಎರಡು ತೂತುಗಳು ಅಡ್ಡ ಸಂಧಿಸುವ ಮೂಲೆಯಲ್ಲಿ ಉಕ್ಕಿನ ಸಣ್ಣ ಬರ್ ಎದ್ದು ನಿಂತಿತ್ತು, ಬೆರಳಿನ ಸಿಬಿರಿನಂತೆ. ತೆಳ್ಳನೆಯ ದುಂಡು ಅರದಿಂದ ಅವರು ಅದನ್ನು ಸವರತೊಡಗಿದರು. ಎರಡೆಳೆತ, ಒಂದು ಊದು, ಮತ್ತೆ ಟಾರ್ಚು. ಚೂಪಾದ ಮೂಲೆ ಮೆಲ್ಲಗೆ ದುಂಡಗಾಯಿತು. ಮತ್ತೆಂದೂ ಯಾರೂ ನೋಡದ ಜಾಗಕ್ಕೆ ಅಷ್ಟು ಅಕ್ಕರೆ! ಕೊನೆಗೆ ಚೂರು ಒಳಗುಳಿಯದಂತೆ ಡೀಸೆಲ್ಲಿನಲ್ಲಿ ತೊಳೆದು ಗಾಳಿ ಹೊಡೆದರು. ಥಟ್ಟನೆ ತಿರುಗುವ ಎರಡು ಎಲ್ಬೋ ಇದ್ದ ಕಡೆ ಉದ್ದಕ್ಕೆ ಬಾಗಿದ ಒಂದೇ ಬೆಂಡ್ ಹಾಕಿದರು. ಹೋಸಿಗೆ ಅಗಲ ಬಾಯಿಯ ನಿಪ್ಪಲ್ ಬಂತು.

ಈ ನುಣುಪಿನ ರುಚಿ ಹರಿಹರಕ್ಕೆ ಹಳೆಯದು. ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅದರ ಮಂಟಪದಲ್ಲಿ ತಿರುಗಣೆಗೆ ಕೊಟ್ಟು ತಿರುವಿದ ಕಂಬಗಳ ಮೇಲೆ ಅಂಗೈ ಜಾರಿಸಿದರೆ ಎಲ್ಲೂ ತಡೆಯಿಲ್ಲ. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾಯಿತು. ಕಾರ್ಖಾನೆ ಈಗಿಲ್ಲ. ಅಲ್ಲಿ ಪಳಗಿದ ಕೈಗಳ ಪಾಠ ಮಾತ್ರ ಊರಿನ ಸಣ್ಣ ಶೆಡ್ಡುಗಳಲ್ಲಿ ಉಳಿದಿದೆ ಎಂದೇ ನಾನು ನಂಬಿದ್ದೇನೆ.

ಎಲ್ಲ ಅಡ್ಡಿಯೂ ಕೆಟ್ಟದ್ದಲ್ಲ. 1955ರ ಸಿಟ್ರೊಯೆನ್ ಡಿಎಸ್ ಕಾರಿನ ಸಸ್ಪೆನ್ಷನ್ನಿನಲ್ಲಿ ನೈಟ್ರೋಜನ್ ತುಂಬಿದ ಗೋಳದ ಕತ್ತಿನಲ್ಲಿ ಆಯಿಲಿಗೆ ಬೇಕೆಂದೇ ಇಕ್ಕಟ್ಟು ಇಟ್ಟಿದ್ದರು. ಕುಲುಕಾಟ ತಣಿಯುವುದು ಅಲ್ಲೇ. ಬೇಕಾದ ಕಡೆ ಬೇಕಾದಷ್ಟೇ ತಡೆದು ಉಳಿದ ದಾರಿಯನ್ನೆಲ್ಲ ಬಿಡಿಸಿಡುವುದರಲ್ಲಿ ಕುಶಲತೆಯಿದೆ.

ಜೋಡಿಸಿ, ಗಾಳಿ ತೆಗೆದು, ಮತ್ತೆ ಎತ್ತಿದರು. ಲಿವರ್ ಬಿಟ್ಟಾಗ ಮೊದಲಿನ ಸುಂಯ್ ಸದ್ದಿಲ್ಲ. ಹೋಸು ಒಮ್ಮೆ ಮೆಲ್ಲಗೆ ಅದುರಿತು. ಟ್ರೇಲರ್ ಒಂದೇ ನಡೆಯಲ್ಲಿ ಇಳಿಯಿತು. ಚಾಸಿ ಮುಟ್ಟುವ ಮುನ್ನ ಮೇಸ್ತ್ರಿ ಲಿವರನ್ನು ಒಂದಿಷ್ಟು ಹಿಡಿದರು. ಕಬ್ಬಿಣಕ್ಕೆ ಕಬ್ಬಿಣ ಕೂತ ಸದ್ದು ಕೇಳಿಸಲೇ ಇಲ್ಲ.