ತಿರುಚುಬಲದ ಲೆಕ್ಕವೂ ಸ್ವಯಂಚಾಲಿತ ಗೇರಿನ ಹೊಂದಾಣಿಕೆಯೂ: ಒಂದು ಆಕರವಿಮರ್ಶೆ

ಹರಿಹರ, ದಾವಣಗೆರೆಗಳ ಯಂತ್ರೋದ್ಯಮವನ್ನು ಕುರಿತು ಬರೆಯುವವರು ಕಾರ್ಖಾನೆಯ ಬಂಡವಾಳ, ಕಾರ್ಮಿಕರ ಸಂಖ್ಯೆ, ಮೋಟಾರಿನ ಅಶ್ವಶಕ್ತಿ ಇವುಗಳನ್ನು ತಪ್ಪದೆ ಕೊಡುತ್ತಾರೆ. ಆ ಶಕ್ತಿ ಯಾವ ವೇಗದಲ್ಲಿ, ಎಷ್ಟು ತಿರುಚುಬಲವಾಗಿ ಕೆಲಸದ ಮೇಲೆ ಬಿತ್ತೆಂಬುದನ್ನು ಮಾತ್ರ ಹೇಳುವುದಿಲ್ಲ. ನಾವೂ ಈ ದೋಷಕ್ಕೆ ಹೊರತಲ್ಲ. ಇತಿಹಾಸದ ಅಧ್ಯಾಪಕರಿಗೆ ಯಂತ್ರಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಮುಂದೆ ಎತ್ತಲಿರುವ ಪ್ರಶ್ನೆ ವಾಸ್ತವವಾಗಿ ಆಕರಗಳ ವಿಶ್ವಾಸಾರ್ಹತೆಗೆ ಸೇರಿದ್ದು. ಅದು ನಮ್ಮ ಶಾಸ್ತ್ರದ್ದೇ.

ತೊಡಕು ಪರಿಭಾಷೆಯಿಂದಲೇ ಆರಂಭವಾಗುತ್ತದೆ. ನಮ್ಮ ಭೌತವಿಜ್ಞಾನದ ಪಠ್ಯಗಳಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳಿಗೆ ಮೂರು ಬೇರೆ ಅರ್ಥಗಳಿವೆ. ಹೀಗಿದ್ದೂ ಸಾಮರ್ಥ್ಯದ ಮಾನವಾದುದನ್ನು ‘ಅಶ್ವಶಕ್ತಿ’ಯೆಂದು ಕರೆದು ರೂಢಿ ಮಾಡಿಕೊಂಡಿದ್ದೇವೆ. ಟಾರ್ಕ್ ಎಂಬುದನ್ನು ನಾವಿಲ್ಲಿ ತಿರುಚುಬಲವೆಂದಿದ್ದೇವೆ. ಗ್ಯಾರೇಜಿನವರು ‘ಗಾಡಿ ಎಳೆಯೋದಿಲ್ಲ’ ಎನ್ನುವಾಗ ಅವರ ಮಾತು ಅಶ್ವಶಕ್ತಿಗಿಂತ ಇದಕ್ಕೆ ಹತ್ತಿರವಾದುದು.

1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಎಂಬ ಲೇತುಗಳಿಂದ ಹೆಸರಾಗಿತ್ತು. ಯಾವುದೇ ಗೇರುಳ್ಳ ಲೇತಿನಲ್ಲಿ 2.2 ಕಿಲೋವಾಟಿನ ಮೋಟಾರು ನಿಮಿಷಕ್ಕೆ 1,440 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಕಿಲೋವಾಟನ್ನು 9,550ರಿಂದ ಗುಣಿಸಿ ಸುತ್ತುಗಳಿಂದ ಭಾಗಿಸಿದರೆ ತಿರುಚುಬಲ ಸುಮಾರು 14.6 ನ್ಯೂಟನ್-ಮೀಟರ್. ಗೇರಿನಿಂದ ವೇಗವನ್ನು 48 ಸುತ್ತಿಗೆ ಇಳಿಸಿದರೆ, ಘರ್ಷಣೆಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಅದು 30 ಮಡಿಯಾಗಿ ಸುಮಾರು 438 ಆಗುತ್ತದೆ. ಅಶ್ವಶಕ್ತಿಯಾದರೋ ಎರಡು ಕಡೆಯಲ್ಲೂ ಮೂರೇ! ಅಲ್ಲಿ ಗೇರನ್ನು ಬದಲಿಸುವವನು ಕೆಲಸಗಾರ. ಉಳಿ ಕಬ್ಬಿಣವನ್ನು ಕಚ್ಚುವ ಸದ್ದನ್ನು ಅವನು ಕಿವಿಯಾರೆ ಕೇಳುತ್ತಾನೆ. ಅವನ ಸಾಕ್ಷ್ಯ ಪ್ರತ್ಯಕ್ಷವಾದುದು.

ಸ್ವಯಂಚಾಲಿತ ಗೇರಿಗೆ ಈ ಪ್ರತ್ಯಕ್ಷವಿಲ್ಲ. ಅದರೊಳಗಿನ ಕ್ಲಚ್ಚುಗಳನ್ನು ಎಣ್ಣೆಯ ಒತ್ತಡ ಹಿಡಿದಿರುತ್ತದೆ. ಬರುವ ತಿರುಚುಬಲಕ್ಕೆ ಒತ್ತಡ ಸಾಲದಿದ್ದರೆ ಕ್ಲಚ್ಚು ಜಾರಿ ಸುಡುತ್ತದೆ. ಹೆಚ್ಚಾದರೆ ಗೇರು ಬೀಳುವಾಗ ಗಾಡಿ ಜಗ್ಗುತ್ತದೆ. 1939ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಹೊರತಂದ ಹೈಡ್ರಾಮ್ಯಾಟಿಕ್ ಗೇರಿಗೆ ಥ್ರಾಟಲ್ ಎಷ್ಟು ತೆರೆದಿದೆ, ಗಾಡಿಯ ವೇಗವೆಷ್ಟು ಎಂಬಿವೇ ಮುಖ್ಯ ಸಾಕ್ಷಿಗಳು. ಥ್ರಾಟಲಿನ ಸಾಕ್ಷ್ಯ ಎಲ್ಲ ಊರಿನಲ್ಲೂ ಒಂದೇ ಬೆಲೆಯದಲ್ಲ. ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡ 6ರಷ್ಟು ಕಡಿಮೆ. 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಶೇಕಡ 17ರಷ್ಟು. ಟರ್ಬೊ ಇಲ್ಲದ ಎಂಜಿನ್ ಪೆಡಲನ್ನು ಅಷ್ಟೇ ತುಳಿದರೂ ಅಲ್ಲಿ ಅಷ್ಟು ಬಲ ಕೊಡದು.

ಇಂದಿನ ವಾಹನಗಳಲ್ಲಿ ಎಂಜಿನ್ನಿನ ಗಣಕವೇ ತಿರುಚುಬಲವನ್ನು ಗೇರಿನ ಗಣಕಕ್ಕೆ ವರದಿ ಮಾಡುತ್ತದೆ. ಗೇರು ಬದಲಾಗುವ ಗಳಿಗೆಯಲ್ಲಿ ಬಲವನ್ನು ಸ್ವಲ್ಪ ತಗ್ಗಿಸೆಂದು ಗೇರು ಎಂಜಿನ್ನನ್ನು ಕೇಳುವುದೂ ಉಂಟು. ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪ. ಈ ವರದಿಯನ್ನು ‘ಅಳತೆ’ಯೆಂದು ಕರೆಯುವ ವಾಡಿಕೆ ಒಪ್ಪತಕ್ಕದ್ದಲ್ಲ. ರಸ್ತೆಯ ಮೇಲೋಡುವ ಸಾಮಾನ್ಯ ಕಾರಿನಲ್ಲಿ ತಿರುಚುಬಲವನ್ನು ಯಾರೂ ನೇರವಾಗಿ ಅಳೆಯುತ್ತಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಒಳಬಂದ ಗಾಳಿ, ಕಿಡಿಯ ಕಾಲ ಇವುಗಳಿಂದ, ಡೀಸೆಲಿನಲ್ಲಿ ಮುಖ್ಯವಾಗಿ ಚಿಮ್ಮಿಸಿದ ಇಂಧನದ ಪ್ರಮಾಣದಿಂದ, ಪ್ರಯೋಗಶಾಲೆಯಲ್ಲಿ ಮೊದಲೇ ಸಿದ್ಧಪಡಿಸಿದ ಕೋಷ್ಟಕವನ್ನು ನೋಡಿ ಅದನ್ನು ಊಹಿಸಲಾಗುತ್ತದೆ. ಪ್ರಶಸ್ತಿಶಾಸನದಲ್ಲಿ ರಾಜನು ಗೆದ್ದನೆಂದ ಮಾತ್ರಕ್ಕೆ ಗೆದ್ದನೆಂದು ನಾವು ಬರೆಯುವುದಿಲ್ಲವಷ್ಟೆ?

ಡೀಸೆಲ್ ಗಾಡಿಗೆ ಹೆಚ್ಚಿನ ಎಳೆತ ಬೇಕೆಂದು ಕೆಲವರು ಹೊರಗಿನಿಂದ ಒಂದು ಪೆಟ್ಟಿಗೆ ಜೋಡಿಸುತ್ತಾರೆ. ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆಯಾಗಿದೆಯೆಂದು ಅದು ಎಂಜಿನ್ನಿನ ಗಣಕಕ್ಕೆ ಸುಳ್ಳು ಹೇಳುತ್ತದೆ. ಗಣಕ ಒತ್ತಡವನ್ನು ಏರಿಸುತ್ತದೆ, ಇಂಧನ ಹೆಚ್ಚು ಬೀಳುತ್ತದೆ, ನಿಜವಾದ ತಿರುಚುಬಲವೂ ಏರುತ್ತದೆ. ಗೇರಿಗೆ ಹೋಗುವ ವರದಿ ಮಾತ್ರ ಹಳೆಯದೇ. ಗೇರು ಆ ವರದಿಗೆ ತಕ್ಕಷ್ಟೇ ಒತ್ತಡವಿಟ್ಟು ಜಾರುತ್ತದೆ. ಆಗ ಗೇರನ್ನೇ ದೂರಿ, ಅದರ ಒತ್ತಡದ ಕೋಷ್ಟಕವನ್ನು ಎಲ್ಲ ಕಡೆಯೂ ಏರಿಸಿದರೆ ಪೂರ್ಣಭಾರದಲ್ಲಿ ಜಾರುವುದು ನಿಂತೀತು. ಪೆಡಲನ್ನು ಹಗುರವಾಗಿ ತುಳಿದಾಗ ಜಗ್ಗುವುದು ಶುರುವಾಗುತ್ತದೆ. ಮೂಲಪಾಠ ಕೆಟ್ಟಿರುವಾಗ ವ್ಯಾಖ್ಯಾನವನ್ನು ತಿದ್ದಿದ ಹಾಗೆ ಇದು. ಮೊದಲು ಎಂಜಿನ್ನಿನ ಲೆಕ್ಕವನ್ನು ಡೈನಮೋಮೀಟರಿನ ಅಳತೆಯೊಡನೆ ಹೋಲಿಸಿ ಸರಿಪಡಿಸಬೇಕು. ಗೇರಿನ ಒತ್ತಡ, ಬದಲಾವಣೆಯ ಅವಧಿ ಅನಂತರದ ಮಾತು.

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಸಾಮಾನ್ಯಕ್ಕೆ ಬಂದ ಸ್ವಯಂಚಾಲಿತ ಕ್ಲಚ್ಚಿನ ಗೇರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಎಣ್ಣೆಯೊತ್ತಡದ ಬದಲು ಕ್ಲಚ್ಚನ್ನು ಎಷ್ಟು ಕೂಡಿಸಬೇಕೆಂಬುದನ್ನು ನಿರ್ಧರಿಸುವುದಿದೆ, ಅಷ್ಟೆ. ಇನ್ನೊಂದು ತೊಡಕನ್ನು ಹೇಳದಿರಲಾಗದು. ಅನೇಕ ಗೇರುಗಳು ಓಡುತ್ತ ಓಡುತ್ತ ತಮ್ಮ ಒತ್ತಡವನ್ನು ತಾವೇ ತಿದ್ದಿಕೊಂಡು ನೆನಪಿಟ್ಟುಕೊಳ್ಳುತ್ತವೆ. ಸುಳ್ಳು ವರದಿಯ ಕಾಲದಲ್ಲಿ ಕಲಿತ ಪಾಠ, ಪೆಟ್ಟಿಗೆಯನ್ನು ಕಿತ್ತುಹಾಕಿದ ಮೇಲೂ ಅದರಲ್ಲಿ ಉಳಿದಿರುತ್ತದೆ. ಅದನ್ನು ಅಳಿಸಿ ಗೇರಿಗೆ ಮೊದಲಿನಿಂದ ಕಲಿಸಬೇಕಾಗುತ್ತದೆ.