ಆನೆ ಕಂಡ ಕಲೆಗೆ ಆಳು ಕಾಣಲಿಲ್ಲವೆ?

‘ಪ್ರಕೃತಿ ಮತ್ತು ಮಾನವ’ ಎನ್ನುವ ಜೋಡಿಮಾತು ಈಗ ಕಲಾ ಪ್ರದರ್ಶನಗಳಲ್ಲಿ, ವಿಚಾರ ಸಂಕಿರಣಗಳಲ್ಲಿ, ಕವಿಗೋಷ್ಠಿಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಮಾನವ ಕಾಡು ಕಡಿದ, ಮಾನವ ಹೊಳೆ ಕೆಡಿಸಿದ, ಮಾನವ ಆನೆಯ ದಾರಿಗೆ ಅಡ್ಡ ಬಂದ. ನಾವು ಕೇಳುವುದಿಷ್ಟೆ: ಯಾವ ಮಾನವ? ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ತೋಟದ ಸಾಹುಕಾರನೂ ಮಾನವ, ಅವನ ಲೈನು ಮನೆಯಲ್ಲಿ ಮಲಗಿ ಬೆಳಗ್ಗೆ ಮಂಜು ಹರಿಯುವ ಮೊದಲೇ ಕಾಫಿ ಹಣ್ಣು ಕುಯ್ಯಲು ಹೊರಡುವ ಹೆಣ್ಣಾಳೂ ಮಾನವಳು. ಇಬ್ಬರೂ ಒಂದೇ ಆನೆಯನ್ನು ನೋಡುವುದಿಲ್ಲ. ಒಬ್ಬ ಜೀಪಿನೊಳಗಿಂದ ನೋಡುತ್ತಾನೆ, ಇನ್ನೊಬ್ಬಳು ಕಾಲ್ನಡಿಗೆಯಲ್ಲಿ ಎದುರಾಗುತ್ತಾಳೆ. ಈ ವ್ಯತ್ಯಾಸವನ್ನು ಮರೆಸುವ ಕಲೆ ಎಷ್ಟೇ ಚೆಂದವಿರಲಿ, ಅದು ಅರ್ಧ ಸತ್ಯದ ಕಲೆ.

ಈ ಅರ್ಧ ಸತ್ಯಕ್ಕೆ ಹಳೆಯ ಬೇರಿದೆ. ಇಂದಿನ ಸಕಲೇಶಪುರ ಸೀಮೆಗೆ ಆಗ ಮಂಜರಾಬಾದ್ ಎಂದು ಹೆಸರು. 1850ರ ದಶಕದಲ್ಲಿ ಇಲ್ಲಿಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ದೊರೆ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಬೆಟ್ಟದ ಸೊಬಗು ಅದರಲ್ಲಿದೆ, ಕಾಟಿಯ ಬೇಟೆ ಇದೆ, ನೆರಳು ಮರಗಳ ಲೆಕ್ಕಾಚಾರವಿದೆ. ಅದೇ ಪುಸ್ತಕದಲ್ಲಿ ಜಾತಿಯ ಬಗ್ಗೆಯೂ ಒಂದು ಅಧ್ಯಾಯವಿದೆ. ಜಾತಿಯಿಂದ ಒಳಿತೂ ಆಗಿದೆ ಎಂಬ ವಾದ ಅಲ್ಲಿ ಸಿಗುತ್ತದೆ. ಗಮನಿಸಿ, ಮರದ ನೆರಳು ಎಷ್ಟಿರಬೇಕೆಂದು ಅಷ್ಟು ಸೂಕ್ಷ್ಮವಾಗಿ ನೋಡಿದ ಕಣ್ಣಿಗೆ ಆ ಮರ ಹತ್ತಿ ಕೊಂಬೆ ಕಡಿಯುವವನ ಬೆನ್ನ ಮೇಲಿನ ಭಾರ ಸಹಜ ಅನ್ನಿಸಿತು. ಬಂಗಲೆಯ ಜಗಲಿಯಿಂದ ನೋಡಿದರೆ ಬೆಟ್ಟವೂ ದೃಶ್ಯ, ಆಳೂ ದೃಶ್ಯ. ಬಿಳಿಯ ದೊರೆ ಹೋದ, ಜಗಲಿ ಉಳಿಯಿತು.

ಕನ್ನಡ ಸಾಹಿತ್ಯ ಈ ಜಗಲಿಯಿಂದ ಇಳಿಯಲಿಲ್ಲ ಎಂದರೆ ಅನ್ಯಾಯವಾದೀತು. ಪಕ್ಕದ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಬರೆದ ‘ಕರ್ವಾಲೊ’ (1980) ಕಾಡಿನ ಜ್ಞಾನವನ್ನು ಮಂದಣ್ಣನಂಥ ಹಳ್ಳಿಗನ ಕೈಗೆ ಕೊಟ್ಟಿತು. ವಿಜ್ಞಾನಿ ಅವನ ಹಿಂದೆ ನಡೆದ. ಇದು ಸಣ್ಣ ಸಾಧನೆಯಲ್ಲ. ಆದರೆ ಕಥೆ ಹೇಳುವವನು ಜಮೀನುಳ್ಳವನು. ಹಾರುವ ಓತಿಯ ಬೆನ್ನು ಹತ್ತಿ ಕಾಲದ ಆಳಕ್ಕೆ ಇಳಿಯುವ ಕಾದಂಬರಿ ಕೂಲಿಯ ಪ್ರಶ್ನೆಯ ಆಳಕ್ಕೆ ಇಳಿಯುವುದಿಲ್ಲ. ಇದರ ಪಕ್ಕದಲ್ಲಿ ದೇವನೂರ ಮಹಾದೇವರ ‘ಒಡಲಾಳ’ವನ್ನು ಇಟ್ಟು ನೋಡಿ. ಅಲ್ಲಿ ಸಾಕವ್ವ ಹುಡುಕುವುದು ಅಪೂರ್ವ ಪ್ರಾಣಿಯನ್ನಲ್ಲ, ಕಳೆದುಹೋದ ತನ್ನ ಹುಂಜವನ್ನು. ಪ್ರಕೃತಿ ಅಲ್ಲಿ ಅಂಗಳದಲ್ಲೇ ಇದೆ. ಅದು ಹೊಟ್ಟೆಪಾಡು, ಒಡನಾಟ, ಜಗಳ ಎಲ್ಲವೂ ಹೌದು. ಮನುಷ್ಯ ಮತ್ತು ಪ್ರಾಣಿಯ ಸಂಬಂಧವನ್ನು ಬಡವರ ಮನೆಯಿಂದ ಬರೆದರೆ ಹೇಗಿರುತ್ತದೆ ಎಂಬುದಕ್ಕೆ ಅದು ಇವತ್ತಿಗೂ ಅಳತೆಗೋಲು.

ಈ ಅಳತೆಗೋಲನ್ನು ಹಿಡಿದುಕೊಂಡೇ ಇವತ್ತಿನ ಎರಡು ಕಲಾಕೃತಿಗಳ ಮುಂದೆ ನಿಲ್ಲೋಣ.

ಮೊದಲನೆಯದು ಲಂಟಾನದ ಆನೆಗಳು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಿದ್ದವು. ಅದಕ್ಕೂ ಮುಂಚೆ 2021ರಲ್ಲಿ ಲಂಡನ್ನಿನ ಉದ್ಯಾನಗಳನ್ನು ಕಂಡು ಬಂದಿದ್ದವು, ಆಮೇಲೆ ಅಮೆರಿಕಕ್ಕೂ ಹೋದವು. ಲಂಟಾನ ಬ್ರಿಟಿಷರು ಅಲಂಕಾರದ ಗಿಡವೆಂದು ತಂದದ್ದು. ಈಗ ಕಾಡನ್ನೆಲ್ಲ ನುಂಗಿ ಪ್ರಾಣಿಗಳ ಮೇವಿಗೆ ಕುತ್ತಾಗಿದೆ. ಆ ಪೊದೆಯನ್ನು ಕಡಿದು, ಕಡ್ಡಿ ಬೇಯಿಸಿ, ತೊಗಟೆ ಸುಲಿದು, ಕಬ್ಬಿಣದ ಚೌಕಟ್ಟಿಗೆ ಬಿಗಿದು ಆನೆ ಮಾಡಿದವರು ನೀಲಗಿರಿ ಸೀಮೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಜನ. ಒಂದೊಂದೂ ಅವರು ಕಂಡು ಬಲ್ಲ ಒಂದೊಂದು ನಿಜವಾದ ಆನೆಯ ರೂಪ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ವಸ್ತುವಿನಲ್ಲೇ ವಿಚಾರವಿದೆ, ಕೆಲಸಕ್ಕೆ ಕೂಲಿಯಿದೆ, ಕಾಡಿಗೂ ಉಪಕಾರವಿದೆ. ಆದರೆ ಆ ಆನೆಗಳ ನಡುವೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡವರ ಬಾಯಲ್ಲಿ ‘ಸಹಬಾಳ್ವೆ’ ಎಂಬ ಮಾತು ಎಷ್ಟು ಸುಲಭವಾಗಿ ಬಂತು! ಆಲೂರಿನ ಕಡೆ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಡ್ಡಿಯ ಆನೆಗೆ ಹಸಿವಿಲ್ಲ. ಅದು ಯಾರ ಗದ್ದೆಗೂ ಇಳಿಯುವುದಿಲ್ಲ. ಸಹಬಾಳ್ವೆಯ ಖರ್ಚು ಯಾರ ಲೆಕ್ಕಕ್ಕೆ ಎಂದು ನೋಡುಗರು ತಾವೇ ಕೇಳಿಕೊಳ್ಳದಿದ್ದರೆ ಆ ಕಲೆಯ ಕೆಲಸ ಅರ್ಧಕ್ಕೇ ನಿಂತಂತೆ.

ಎರಡನೆಯದು ನಮ್ಮ ಬೆಟ್ಟದಲ್ಲೇ ಇದೆ. ಮೈಸೂರು ದಸರಾದಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ದಬ್ಬಳ್ಳಿಕಟ್ಟೆಯಲ್ಲಿ ಅವನ ಸಮಾಧಿ. ಅಲ್ಲಿ ಸ್ಮಾರಕ ಎದ್ದಿತು. ನಾಡೆಲ್ಲ ಅತ್ತಿತು. ಅಳು ಸುಳ್ಳಲ್ಲ. ಆದರೆ ಸ್ಮಾರಕ ಅವನನ್ನು ವೀರನೆಂದು ನೆನೆಯುತ್ತದೆ. ನಾವು ಅವನನ್ನು ಆಳು ಎಂದು ನೆನೆಯುತ್ತೇವೆ. ಕಾಕನಕೋಟೆಯ ಖೆಡ್ಡಾದಲ್ಲಿ 1968ರಲ್ಲಿ ಹಿಡಿದು ತಂದ ಜೀವ ಅದು. ವಯಸ್ಸು ಅರವತ್ತು ದಾಟಿತೆಂದು ಅಂಬಾರಿ ಇಳಿಸಿದರು, ಆದರೂ ತನ್ನದೇ ಕುಲದವರನ್ನು ಹಿಡಿಯುವ ಕೆಲಸಕ್ಕೆ ಕರೆತಂದರು. ಕೊನೇ ಉಸಿರಿನ ತನಕ ಜೀತ. ಇದನ್ನು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜುನ ಸಾಯುವ ಮೂರು ತಿಂಗಳ ಮುಂಚೆ, 2023ರ ಆಗಸ್ಟ್ 31ರಂದು, ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಸಲಗಕ್ಕೆ ಚಿಕಿತ್ಸೆ ಕೊಡಿಸಲು ಅರಿವಳಿಕೆ ಮದ್ದು ಹೊಡೆಯಲು ಹೋದ ವೆಂಕಟೇಶ್ ಅದೇ ಆನೆಯ ಕಾಲಿಗೆ ಸಿಕ್ಕಿ ಸತ್ತರು. ಜನ ಅವರನ್ನು ಆನೆ ವೆಂಕಟೇಶ್ ಅಂತಲೇ ಕರೆಯುತ್ತಿದ್ದರು. ಅರ್ಜುನನಿಗೆ ಕರಗಿದ ನಾಡು ಅವರಿಗೆ ಅಷ್ಟು ಕರಗಿತೆ? ಇನ್ನು ತೋಟದ ದಾರಿಯಲ್ಲಿ ಸತ್ತ ಕೂಲಿಗಳ ಪಾಡೇನು? ಅವರಿಗೆ ಪೇಪರಿನಲ್ಲಿ ‘ಕಾರ್ಮಿಕ ಬಲಿ’ ಎಂಬ ಎರಡು ಪದ, ಆಮೇಲೆ ಪರಿಹಾರದ ಚೆಕ್ಕು. ಆನೆಗೆ ಕಲ್ಲು ನಿಲ್ಲಿಸಬೇಡಿ ಎನ್ನುವುದು ನಮ್ಮ ವಾದವಲ್ಲ. ಆನೆಯೂ ದಿಕ್ಕುಗೆಟ್ಟ ಜೀವವೇ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಊರನ್ನೂ ಕಾಡಿನಂಚನ್ನೂ ಮುಳುಗಿಸಿತು. ತೋಟ ಬೆಳೆದಂತೆ ಕಾಡು ತುಂಡಾಯಿತು. 2013-14ರಲ್ಲಿ ಆಲೂರು ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಮತ್ತೆ ಆನೆ ಬಂದವು. ಒಕ್ಕಲೆದ್ದವರನ್ನು ಇನ್ನೊಮ್ಮೆ ಒಕ್ಕಲೆಬ್ಬಿಸಿದರೆ ಸಮಸ್ಯೆ ಮುಗಿಯುವುದಿಲ್ಲ ಎಂಬುದು ದಲಿತರಿಗೆ ಹೊಸ ಪಾಠವೆ? ಆನೆಗೂ ಆಳಿಗೂ ಜಗಳ ಹಚ್ಚಿ ದೂರ ನಿಂತವರು ಯಾರು ಎಂಬುದನ್ನು ಕಲೆ ತೋರಿಸಬೇಕು.

ಅಂಥ ಕಲೆಯ ಬೀಜ ಇಲ್ಲೇ ಇದೆ. ಇಲ್ಲಿ ಆನೆಗಳಿಗೆ ಹೆಸರಿದೆ: ಭೀಮ, ಕರಡಿ, ಭುವನೇಶ್ವರಿ, ಬೀಟಮ್ಮ. ಕೊರಳಿಗೆ ಕಟ್ಟಿದ್ದ ಪಟ್ಟಿಯಿಂದ ‘ಓಲ್ಡ್ ಬೆಲ್ಟ್’ ಎಂಬ ಹೆಸರು. ನಡಿಗೆ, ಕಿವಿ, ಕೋಪ ನೋಡಿ ಗುರುತಿಸುವ ಜನ ಇವರು. ಇವರಿಗಿಂತ ದೊಡ್ಡ ಚಿತ್ರಕಾರರು ಬೇಕೆ? ಬೆಳಗ್ಗೆ ಈ ಬೆಟ್ಟದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಓದುವ ಬರಹ ಕವಿತೆಯಲ್ಲ. ಹಿಂಡು ಇಂಥ ಎಸ್ಟೇಟಿನಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶ. ಅದನ್ನು ಓದಿಯೂ ಕೆಲಸಕ್ಕೆ ಹೋಗಲೇಬೇಕಾದವಳ ಎದೆಬಡಿತ ಯಾವ ಕಾದಂಬರಿಯಲ್ಲಿದೆ? ಹೋಗದಿದ್ದರೆ ಆ ದಿನದ ಕೂಲಿ ಕೊಡುವವರು ಯಾರು ಎಂಬ ಪ್ರಶ್ನೆ ಯಾವ ಚಿತ್ರದಲ್ಲಿದೆ?

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಮಾತು. ‘ಪರಿಸರ’ ಅಂತ ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಬೆಟ್ಟ, ಸೂರ್ಯ, ಎರಡು ಹಕ್ಕಿ ಬರೆಸುವುದನ್ನು ಬಿಡೋಣ. ಮನೆಯಿಂದ ಶಾಲೆಗೆ ಬರುವ ದಾರಿ ಬರೆಯಿರಿ ಅನ್ನೋಣ. ಆನೆ ಎಲ್ಲಿ ದಾಟುತ್ತೆ, ಬೇಲಿ ಯಾರದು, ಅವ್ವ ಯಾವ ತೋಟಕ್ಕೆ ಹೋಗ್ತಾಳೆ, ಎಲ್ಲಿ ಓಡಬೇಕು ಅನ್ನಿಸುತ್ತೆ, ಎಲ್ಲಾ ಬರೆಯಲಿ. ಆ ಹಾಳೆಗಳನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಿಸೋಣ. ಪ್ರಕೃತಿಯ ಬಗ್ಗೆ ಮಾತಾಡುವ ದೊಡ್ಡವರು ಮೊದಲು ಅದನ್ನು ನೋಡಿ ಉತ್ತರ ಹೇಳಲಿ.