ಮೇವು, ಬೆದೆ, ಟಗರು: ಘಟಪ್ರಭಾ ಸೀಮೆಯ ಕುರಿ ಸಾಕಣೆಯ ಪರಿಶೀಲನೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಕುರಿಗಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಡೆಕ್ಕನಿ ಕುರಿಗಳ ಸಾಕಣೆಯನ್ನು ಪಶುವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರೆ, ಮೇವನ್ನು ಅರಸಿ ಹಿಂಡನ್ನು ನಡೆಸುವ ವಿದ್ಯೆಯಲ್ಲಿ ಅದು ಎಷ್ಟು ಪಳಗಿದೆಯೋ ಗಬ್ಬದ ಕುರಿಯ ಆರೈಕೆಯಲ್ಲಿ ಮತ್ತು ತಳಿಟಗರಿನ ಆಯ್ಕೆಯಲ್ಲಿ ಅಷ್ಟೇ ಹಿಂದುಳಿದಿದೆ ಎಂಬುದು ಕಂಡುಬರುತ್ತದೆ.

ಮೇವಿಗೂ ಬೆದೆಗೂ ಇರುವ ನಂಟನ್ನು ಸ್ಪಷ್ಟಪಡಿಸಲು ಜಿಂಕೆ ಸಾಕಣೆಯ ನಿದರ್ಶನ ಉಪಯುಕ್ತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಮಾಂಸಕ್ಕಾಗಿ ಜಿಂಕೆ ಸಾಕುವುದು ಭಾರತದಲ್ಲಿ ಸಾಧ್ಯವಿಲ್ಲದಿದ್ದರೂ, ನ್ಯೂಜಿಲೆಂಡಿನ ರೈತರು ಕೆಂಪು ಜಿಂಕೆಗಳನ್ನು ಬೇಲಿಯೊಳಗೆ ಸಾಕುತ್ತಾರೆ. ಆ ಜಿಂಕೆಯ ಬೆದೆಯನ್ನು ಹಗಲಿನ ಉದ್ದವೇ ನಿರ್ಧರಿಸುತ್ತದೆ. ಶರತ್ಕಾಲದಲ್ಲಿ ಗಬ್ಬ ಕಟ್ಟುವ ಹೆಣ್ಣು ಏಳೂವರೆ ತಿಂಗಳಿಗೂ ಮೀರಿ ಮರಿಯನ್ನು ಹೊತ್ತು ಬೇಸಿಗೆಯ ಆರಂಭದಲ್ಲಿ ಈಯುತ್ತದೆ, ಚಳಿಗಾಲದಲ್ಲಿ ಮುಂದೆ ಮೇವಿದ್ದರೂ ಅದು ಕಡಿಮೆ ತಿನ್ನುತ್ತದೆ. ಹಗಲಿನ ಉದ್ದ ಹೆಚ್ಚು ಏರಿಳಿಯದ ಬೆಳಗಾವಿ ಸೀಮೆಯಲ್ಲಿ ಡೆಕ್ಕನಿ ಕುರಿಯ ಬೆದೆ ಬಹುಮಟ್ಟಿಗೆ ಹಸಿರಿನ ಮೇಲೆ ನಿಂತಿದೆ. ಮುಂಗಾರಿನ ಚಿಗುರು ಮೇಯ್ದು ಮೈತುಂಬಿದ ಕುರಿ ಬೆದೆಗೆ ಬಂದು, ಐದು ತಿಂಗಳಿಗೆ ಕಾರ್ತಿಕದ ಆಸುಪಾಸಿನಲ್ಲಿ ಮರಿ ಹಾಕುತ್ತದೆ. ಆದ್ದರಿಂದ ಜಿಂಕೆಯ ಸಾಕಣೆಗಾರನಿಗಿಲ್ಲದ ಒಂದು ಹಿಡಿತ ಇಲ್ಲಿಯ ಕುರಿಗಾರನಿಗಿದೆ: ಮೇವನ್ನು ತಿದ್ದಿದರೆ ಬೆದೆಯನ್ನೂ ತಿದ್ದಬಹುದು. ಟಗರು ಬಿಡುವ ಎರಡು-ಮೂರು ವಾರ ಮೊದಲು ಬಡಕಲು ಕುರಿಗೆ ಹೆಚ್ಚಿನ ಆಹಾರ ಕೊಟ್ಟರೆ ಗಬ್ಬ ಕಟ್ಟುವ ಕುರಿಗಳ ಸಂಖ್ಯೆ ಏರುತ್ತದೆ.

ಸುಗ್ಗಿ ಮುಗಿದ ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಕುರಿ ನಿಲ್ಲಿಸುವ ಪದ್ಧತಿ ಈ ಸಾಕಣೆಯ ಅತ್ಯುತ್ತಮ ಭಾಗ. ಕೊಯ್ದ ಹೊಲದ ಕೂಳೆ ಮತ್ತು ಉದುರಿದ ಹೊಟ್ಟು ಕುರಿಯ ಹೊಟ್ಟೆ ಸೇರುತ್ತವೆ, ಹಿಕ್ಕೆ-ಗಂಜಲ ನೇರವಾಗಿ ಮಣ್ಣಿಗೆ ಬೀಳುತ್ತದೆ, ಹೊಲದವರು ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಆದರೆ ಹಿಡಕಲ್ ಜಲಾಶಯದ ಕಾಲುವೆಗಳು ಬಂದ ಮೇಲೆ ಬೀಳು ಭೂಮಿ ಕಬ್ಬಿನ ಗದ್ದೆಯಾಯಿತು. ಕಾಲುವೆಯ ದಂಡೆಗಳೂ ರಸ್ತೆಯ ಬದಿಗಳೂ ಮೇಯುವ ಜಾಗವಾದವು. ಕಬ್ಬಿನ ರವದಿ ಹೇರಳವಾಗಿದ್ದರೂ ಅದರಲ್ಲಿ ಸಸಾರಜನಕ, ಎಂದರೆ ಮೈ ಕಟ್ಟುವ ಪೋಷಕಾಂಶ, ತೀರ ಕಡಿಮೆ.

ಕೊರತೆ ಹೆಚ್ಚು ಬಾಧಿಸುವುದು ಗಬ್ಬದ ಕೊನೆಯ ಆರು ವಾರಗಳಲ್ಲಿ. ಮರಿಯ ತೂಕದ ಸುಮಾರು ಮೂರನೆಯ ಎರಡು ಭಾಗ ಆಗಲೇ ಬೆಳೆಯುತ್ತದೆ. ಬೆಳೆದ ಮರಿ ಹೊಟ್ಟೆಯನ್ನು ಒತ್ತುವುದರಿಂದ ತಾಯಿ ಒಣಮೇವನ್ನು ಸಾಕಷ್ಟು ತಿನ್ನಲಾರದು. ದಿನಕ್ಕೆ 200 ಗ್ರಾಂ ಶೇಂಗಾ ಹಿಂಡಿ ಮತ್ತು ಗೋವಿನಜೋಳದ ನುಚ್ಚನ್ನು 45 ದಿನ ಕೊಟ್ಟರೆ ಒಂದು ಕುರಿಗೆ ತಗಲುವುದು 9 ಕೆ.ಜಿ. ಮಾತ್ರ. ಈದ ಮೇಲೆ ಹಾಲಿಲ್ಲವೆಂದು ಕೊರಗುವುದಕ್ಕಿಂತ, ಈಯುವ ಮೊದಲು ಈ ಖರ್ಚು ಮಾಡುವುದು ವಿವೇಕ. ಹುಟ್ಟಿದ ಗಳಿಗೆಯಲ್ಲಿ ಮರಿಯ ಬಾಯಿಗೆ ಬೀಳಬೇಕಾದ ಗಿಣ್ಣದ ಹಾಲು ಸಮೃದ್ಧವಾಗಿ ಇಳಿಯುವುದೂ ಇದರಿಂದಲೇ.

ಎರಡನೆಯ ಲೋಪ ಇನ್ನೂ ಗಂಭೀರವಾದುದು. ಬೇಗ ಬೆಳೆದ ಗಂಡುಮರಿಗಳು ಬಕ್ರೀದಿಗೋ ಸಂತೆಗೋ ಮೊದಲು ಮಾರಾಟವಾಗಿ, ಹಿಂದುಳಿದ ಮರಿಯೇ ಹಿಂಡಿನ ಟಗರಾಗುವುದರಿಂದ ಆಯ್ಕೆ ತಲೆಕೆಳಗಾಗುತ್ತದೆ. ಅದೇ ಟಗರು ವರ್ಷಗಟ್ಟಲೆ ಉಳಿದರೆ ತನ್ನ ಹೆಣ್ಣುಮರಿಗಳನ್ನೇ ಗಬ್ಬ ಮಾಡುತ್ತದೆ. ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಗುಣದ ವಂಶವಾಹಿಯನ್ನು ಡೆಕ್ಕನಿ ಕುರಿಗೆ ಸೇರಿಸಿ ರೂಪಿಸಿದ ನಾರಿ ಸುವರ್ಣ ತಳಿ ಕರ್ನಾಟಕದಲ್ಲೂ ಪ್ರಚಾರ ಪಡೆದಿದೆ. ಆದರೆ ಅರೆಹೊಟ್ಟೆಯ ಕುರಿಗೆ ಅವಳಿ ಮರಿ ಹೊರೆಯೇ ಹೊರತು ಲಾಭವಲ್ಲ. ಕಾಲುವೆ ದಂಡೆಯ ಮೇವನ್ನೇ ನಂಬಿದ ಹಿಂಡಿಗೆ ಆ ತಳಿಯನ್ನು ಶಿಫಾರಸು ಮಾಡುವುದು ತಪ್ಪು. 25-30 ಕುರಿಗೆ ಒಂದು ಆರಿಸಿದ ಟಗರನ್ನಿಟ್ಟು ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಹಿಂಡಿನೊಡನೆ ಅದಲುಬದಲು ಮಾಡಿಕೊಳ್ಳುವುದು ಈ ಮೂರು ತಾಲ್ಲೂಕುಗಳ ಕುರಿಗಾರರಿಗೆ ಇಂದೇ ಸಾಧ್ಯ, ಮತ್ತು ಹೊಸ ತಳಿ ತರುವ ಮೊದಲು ಆಗಬೇಕಾದ ಕೆಲಸವೂ ಅದೇ.